ವನ್ಯಜೀವಿ ಓದಬೇಕೆಂದರೆ ಮೊದಲು ಕಾಲೇಜಿನ ಬೀರು ತೆಗೆಸಿ ನೋಡಿ

ನಾನು ಓದಿದ್ದು ಪಿಯುಸಿವರೆಗೆ, ಅದೂ ಎರಡನೇ ಸಲಕ್ಕೆ ಪಾಸು. ಆದರೂ ಏಪ್ರಿಲ್ ಬಂತೆಂದರೆ "ಅಣ್ಣ, ವೈಲ್ಡ್‌ಲೈಫ್ ಓದೋಕೆ ಯಾವ ಕಾಲೇಜು ಒಳ್ಳೇದು?" ಎಂದು ಕೇಳಿಕೊಂಡು ಜನ ಹುಣಸೂರಿನ ನಮ್ಮ ಮನೆಗೆ ಬರುತ್ತಾರೆ. 2022ರ ಹುಲಿ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, ಮಧ್ಯಪ್ರದೇಶ ಬಿಟ್ಟರೆ ನಾವೇ ಎಂದು ಪೇಪರಿನಲ್ಲಿ ಬಂತಲ್ಲ, ಅಲ್ಲಿಂದ ಈಚೆಗೆ ಬರುವವರು ಇನ್ನೂ ಜಾಸ್ತಿ.

ನನ್ನನ್ನು ಕೇಳುವುದಕ್ಕೆ ಕಾರಣ ಇದೆ. ಹದಿನಾರು ವರ್ಷದಿಂದ ನಾಗರಹೊಳೆ ಸುತ್ತಮುತ್ತ ಸಂಶೋಧನೆ ಮಾಡುವವರ ಜೊತೆ ಫೀಲ್ಡ್ ಕೆಲಸ ಮಾಡುತ್ತಿದ್ದೇನೆ. ಪ್ರಾಣಿ ಎದುರು ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು, ಲಂಟಾನ ಪೊದೆ ಕಡಿದು ಪ್ರಾಣಿ ಎಣಿಸುತ್ತಾ ನಡೆಯುವ ಟ್ರಾನ್ಸೆಕ್ಟ್ ದಾರಿ ಮಾಡುವುದು, ಲದ್ದಿ ಅಳೆಯುವುದು, ಕೆಸರಿಗೆ ಇಳಿದ ಜೀಪು ಎತ್ತುವುದು. ಇಂಟರ್ನ್‌ಶಿಪ್ಪಿಗೆ, ಪ್ರಾಜೆಕ್ಟಿಗೆ ಅಂತ ಬರುವ ಹುಡುಗ ಹುಡುಗಿಯರು ಮೊದಲು ನನ್ನ ಕೈಗೇ ಸಿಗುವುದು. ಡೆಹ್ರಾಡೂನಿನಿಂದ, ಬೆಂಗಳೂರಿನಿಂದ, ಸಿರ್ಸಿ, ಪೊನ್ನಂಪೇಟೆ, ಊಟಿ, ಶಂಕರಘಟ್ಟದಿಂದ ಬಂದವರ ಜೊತೆ ನಡೆದಿದ್ದೇನೆ. ಹಾಗಾಗಿ ಕಾಲೇಜುಗಳನ್ನು ನಾನು ಕಟ್ಟಡದಿಂದ ಅಳೆಯುವವನಲ್ಲ, ಅಲ್ಲಿಂದ ಬಂದ ಮಕ್ಕಳು ಮೂರನೇ ದಿನ ಬೆಳಗ್ಗೆ ಆರು ಗಂಟೆಗೆ ಹೇಗಿರುತ್ತಾರೆ ಎಂಬುದರಿಂದ ಅಳೆಯುತ್ತೇನೆ. ಮೊದಲ ದಿನ ಎಲ್ಲರಿಗೂ ಹುರುಪು. ಮೂರನೇ ದಿನ ಉಣ್ಣಿ ಕಚ್ಚಿ ಮೈಯೆಲ್ಲ ತುರಿಕೆ, ಕಾಲಿನಲ್ಲಿ ಬೊಬ್ಬೆ, ಹುಲಿಯ ಸುಳಿವಿಲ್ಲ. ಆಗಲೂ ಪುಸ್ತಕ ತೆಗೆದು ಸಮಯ, ದಿಕ್ಕು, ದೂರ ಸರಿಯಾಗಿ ಬರೆದುಕೊಳ್ಳುತ್ತಾರಲ್ಲ, ಅವರಿಗೆ ಯಾರೋ ಒಬ್ಬ ಮೇಷ್ಟ್ರು ಕಾಡಿಗೆ ಕರೆದೊಯ್ದು ಕಲಿಸಿದ್ದಾರೆ ಎಂದು ಅರ್ಥ.

ಎರಡು ವರ್ಷದ ಹಿಂದೆ ನಮ್ಮಕ್ಕನ ಮಗಳೇ ಈ ಪ್ರಶ್ನೆ ಹಿಡಿದು ಬಂದಳು. ಆಗ ಊರವರಿಗೆ ಹೇಳುವ ಹಾಗೆ ಎರಡು ಮಾತಿನಲ್ಲಿ ಹೇಳಿ ಕಳಿಸುವುದಕ್ಕಾಗಲಿಲ್ಲ. ಅವಳನ್ನು ಬೈಕಿನಲ್ಲಿ, ಬಸ್ಸಿನಲ್ಲಿ ಕರೆದುಕೊಂಡು ಸುತ್ತಿದೆ. ಆ ಸುತ್ತಾಟದಲ್ಲಿ ತಿಳಿದದ್ದು, ಮೊದಲೇ ಗೊತ್ತಿದ್ದದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿಗೆ ಮುಂಚೆ ಕೆಲಸ

ಅವಳನ್ನು ನಾನು ಮೊದಲು ಕೇಳಿದ್ದು, "ಖಾಕಿ ಬೇಕಾ, ನೋಟ್‌ಬುಕ್ಕು ಬೇಕಾ, ಸಿರಿಂಜು ಬೇಕಾ?" ಅರಣ್ಯ ಇಲಾಖೆಯ ಅಧಿಕಾರಿ ಒಂದು ದಾರಿ, ಸಂಶೋಧಕಿ ಇನ್ನೊಂದು ದಾರಿ, ಆನೆಗೆ ಅರಿವಳಿಕೆ ಕೊಡುವ ಡಾಕ್ಟರು ಮತ್ತೊಂದು ದಾರಿ. ಮೂರಕ್ಕೂ ಡಿಗ್ರಿ ಬೇರೆ ಬೇರೆ. "ಪ್ರಾಣಿ ಅಂದ್ರೆ ಇಷ್ಟ ಮಾಮ" ಅಂದಳು. ಇಷ್ಟ ಎಲ್ಲರಿಗೂ ಇದೆ. ಆದರೆ ಈ ಕೆಲಸದಲ್ಲಿ ಪ್ರಾಣಿ ಕಾಣುವುದು ಸ್ವಲ್ಪ, ಜನ ಕಾಣುವುದು ಜಾಸ್ತಿ. ವೀರನಹೊಸಹಳ್ಳಿ ಕಡೆ ರೈಲು ಹಳಿಯ ಕಂಬಿಯಿಂದ ಮಾಡಿದ ಬೇಲಿ ದಾಟಿ ಬಂದ ಆನೆ ರಾತ್ರಿ ರಾಗಿ ಹೊಲ ತುಳಿದಿದ್ದರೆ ಬೆಳಗ್ಗೆ ಆ ರೈತನ ಮುಂದೆ ಹೋಗಿ ನಿಲ್ಲಬೇಕಾದವರು ನೀವು. ಅವನು ಬೈಯುತ್ತಾನೆ, ಬೈಸಿಕೊಳ್ಳಬೇಕು. ಅದಕ್ಕೆ ಮನಸ್ಸಿಲ್ಲದಿದ್ದರೆ ಯಾವ ಕಾಲೇಜಿಗೆ ಸೇರಿಯೂ ಪ್ರಯೋಜನವಿಲ್ಲ.

ಇಲ್ಲೇ ಒಂದು ದೊಡ್ಡ ಗುಂಡಿ ಇದೆ, ಅದರಲ್ಲಿ ನನ್ನ ಗೆಳೆಯನೊಬ್ಬ ಬಿದ್ದ. ಹೆಸರು ಕೇಳಿದರೆ ಎದೆ ಉಬ್ಬುವಂಥ ಪರಿಸರದ ಡಿಗ್ರಿಯೊಂದನ್ನು ಮೂರು ವರ್ಷ ಓದಿ, ಐಎಫ್‌ಎಸ್ ಬರೆಯುತ್ತೇನೆ ಎಂದು ಅರ್ಜಿ ತೆರೆದು ನೋಡಿದರೆ ಅವನ ವಿಷಯ ಪಟ್ಟಿಯಲ್ಲೇ ಇಲ್ಲ. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಡಿಗ್ರಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ, ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಇಂಜಿನಿಯರಿಂಗ್ ಡಿಗ್ರಿ ಆಗಿರಬೇಕು. 'ವೈಲ್ಡ್‌ಲೈಫ್' ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಬರೀ 'ಪರಿಸರ ವಿಜ್ಞಾನ'ವೂ ಇಲ್ಲ. ಗೆಳೆಯ ಈಗ ರೆಸಾರ್ಟ್ ಒಂದರಲ್ಲಿ ಗೈಡು. ಒಳ್ಳೇ ಗೈಡೇ, ಆದರೆ ಅವನು ಬಯಸಿದ್ದು ಅದಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಕೇಳುವುದಕ್ಕೆ ತಲೆಕೆಳಗಾಗಿ ಕಾಣಬಹುದು: ಪಿಯುಸಿ ಮುಗಿಸಿದ ಕೂಡಲೇ 'ವನ್ಯಜೀವಿ' ಎಂದು ಬೋರ್ಡು ಹಾಕಿದ ಡಿಗ್ರಿ ಹುಡುಕಬೇಡಿ. ಎಲ್ಲ ಪಟ್ಟಿಯಲ್ಲೂ ಇರುವ ಗಟ್ಟಿ ಡಿಗ್ರಿ ಒಂದನ್ನು ಮೊದಲು ಮಾಡಿ: ಅರಣ್ಯಶಾಸ್ತ್ರ, ಪಶುವೈದ್ಯ, ಇಲ್ಲವೇ ಪ್ರಾಣಿಶಾಸ್ತ್ರ ಇರುವ ಬಿಎಸ್ಸಿ. ವನ್ಯಜೀವಿಯನ್ನು ಎಂಎಸ್ಸಿಯಲ್ಲಿ ಹಿಡಿಯಿರಿ. ನಮ್ಮ ದೇಶದಲ್ಲಿ ಆ ವಿಷಯದ ಒಳ್ಳೆಯ ಪಾಠ ಇರುವುದೂ ಆ ಮಟ್ಟದಲ್ಲೇ.

ಅರಣ್ಯ ಕಾಲೇಜು ಎಂದರೆ

ಕರ್ನಾಟಕದಲ್ಲಿ ಬಿಎಸ್ಸಿ ಫಾರೆಸ್ಟ್ರಿಗೆ ಜನ ಹೇಳುವ ಹೆಸರು ಎರಡು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುವ ಸಿರ್ಸಿ ಅರಣ್ಯ ಕಾಲೇಜು, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುವ ಪೊನ್ನಂಪೇಟೆ ಅರಣ್ಯ ಕಾಲೇಜು. ನಾಲ್ಕು ವರ್ಷದ ಓದು. ಸೀಟು ಸಿಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯಲ್ಲಿ, ಕೃಷಿ ಕೋರ್ಸುಗಳ ಜೊತೆಗೆ. ರೈತರ ಮಕ್ಕಳಾದರೆ ಅವರ ಕೋಟಾಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಉಪಕರಣಗಳನ್ನು ಇಟ್ಟು ಇದೇನು ಎಂದು ಕೇಳುತ್ತಾರೆ. ನಮ್ಮ ಹುಡುಗಿ ಹೊಲದಲ್ಲೇ ಬೆಳೆದವಳು, ಆದರೂ ಹುಚ್ಚೆಳ್ಳು ಯಾವುದು ಕರಿ ಎಳ್ಳು ಯಾವುದು ಎಂದು ಅಜ್ಜಿ ಹತ್ತಿರ ಒಂದು ವಾರ ಕೂತು ಕಲಿತಳು. ಇದರ ಕಾಗದಪತ್ರಕ್ಕೆ ತಾಲ್ಲೂಕು ಕಚೇರಿಗೆ ಮಾರ್ಚ್ ತಿಂಗಳಲ್ಲೇ ಹೋಗಿ. ಫಲಿತಾಂಶ ಬಂದ ಮೇಲೆ ಹೋದರೆ ಅಲ್ಲಿ ಸಾಲು ಬಾಗಿಲಾಚೆ ಬಂದಿರುತ್ತದೆ.

ಹೊರ ರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಕೋಟಾ ಇದೆ, 2023ರಿಂದ ಅದು ದೇಶಕ್ಕೆಲ್ಲ ಒಂದೇ ಆದ ಸಿಯುಇಟಿ ಪ್ರವೇಶ ಪರೀಕ್ಷೆಯ ಮೂಲಕ. ಕೇರಳದ ತ್ರಿಶೂರು ಹತ್ತಿರದ ವೆಳ್ಳಾನಿಕ್ಕರ, ತಮಿಳುನಾಡಿನ ಮೇಟ್ಟುಪಾಳ್ಯಂ ಎರಡೂ ಕಡೆ ಹಳೆಯ ಅರಣ್ಯ ಕಾಲೇಜುಗಳಿವೆ.

ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ. ಫಾರೆಸ್ಟ್ರಿ ಎಂದರೆ ನಾಲ್ಕು ವರ್ಷವೂ ಹುಲಿ ಆನೆ ಅಲ್ಲ. ನರ್ಸರಿ, ಮರ ಬೆಳೆಸುವುದು, ಮರದ ಅಳತೆ, ಕೃಷಿ ಅರಣ್ಯ, ಮಣ್ಣು, ಕಟ್ಟಿಗೆಯ ಗುಣ, ಇದೇ ಮುಕ್ಕಾಲು ಪಾಲು. ವನ್ಯಜೀವಿಗೆ ಅಂತ ಇರುವ ಪಾಠ ಕೆಲವೇ. ಇದು ತಿಳಿಯದೆ ಸೇರಿ ಎರಡನೇ ಸೆಮಿಸ್ಟರಿನಲ್ಲಿ ಮುಖ ಸಪ್ಪೆ ಮಾಡಿಕೊಂಡವರನ್ನು ನೋಡಿದ್ದೇನೆ. ಆದರೆ ಅದೇ ಮಕ್ಕಳು ನನ್ನ ಜೊತೆ ಕಾಡಿಗೆ ಬಂದಾಗ ಮರದ ಹೆಸರು ತಪ್ಪುವುದಿಲ್ಲ. ಮತ್ತಿ ಯಾವುದು, ದಿಂಡಿಗ ಯಾವುದು ಗೊತ್ತಿಲ್ಲದವರು ಕಾಟಿ (ಕಾಡುಕೋಣ) ಏನು ತಿಂದಿದೆ ಎಂದು ಹೇಗೆ ಬರೆಯುತ್ತಾರೆ? ಪ್ರಾಣಿ ಮಾತ್ರ ಓದಿದವರಿಗಿಂತ ಇವರು ಕಾಡಿನಲ್ಲಿ ಒಂದು ಹೆಜ್ಜೆ ಮುಂದೆ ಇರುವುದನ್ನು ಕಂಡಿದ್ದೇನೆ. ಕೊನೆಯ ವರ್ಷ ಹೊರಗಡೆ ಹೋಗಿ ಕೆಲಸ ಕಲಿಯುವ ಕಾರ್ಯಕ್ರಮವೂ ಇದೆ. ಯಾವ ರೇಂಜಿಗೆ ಕಳಿಸುತ್ತಾರೆ, ಎಷ್ಟು ವಾರ ಅಲ್ಲೇ ಉಳಿಯುತ್ತಾರೆ ಎಂದು ಸೇರುವ ಮುಂಚೆಯೇ ಸೀನಿಯರುಗಳನ್ನು ಕೇಳಿ.

ರೇಂಜರ್, ಅಂದರೆ ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ಫಾರೆಸ್ಟ್ರಿ ಓದಿದವರಿಗೆ ಒಂದು ಪಾಲು ಮೀಸಲು. ಆ ಪಾಲು ಎಷ್ಟು ಎಂಬುದರ ಮೇಲೆ ಜಗಳ, ತಿದ್ದುಪಡಿ ನಡೆಯುತ್ತಲೇ ಬಂದಿವೆ, ಹಾಗಾಗಿ ಸೀನಿಯರು ಹೇಳಿದ ಲೆಕ್ಕ ನಂಬಬೇಡಿ, ಇತ್ತೀಚಿನ ಅಧಿಸೂಚನೆಯನ್ನೇ ತೆಗೆದು ಓದಿ. ಜೊತೆಗೆ ನಡೆಯುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಐಎಫ್‌ಎಸ್‌ನಲ್ಲಿ ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು.

ಡಾಕ್ಟರು ಆಗುವವರ ದಾರಿ ಸರಳ, ಓದು ಮಾತ್ರ ಉದ್ದ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ರಾಜ್ಯದ ಸೀಟು ಸಿಇಟಿಯಿಂದ, ಅಖಿಲ ಭಾರತ ಕೋಟಾದ್ದು ನೀಟ್‌ನಿಂದ. ಓದುವಾಗ ಸಿಗುವುದು ಹಸು, ಎಮ್ಮೆ, ನಾಯಿ. ಆನೆ ಹುಲಿ ಆಮೇಲೆ.

ಎಂಎಸ್ಸಿ ಎಲ್ಲಿ

ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಇಲ್ಲಿ.

ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣದಲ್ಲಿ ವನ್ಯಜೀವಿ ಮತ್ತು ನಿರ್ವಹಣೆ ಎಂಬ ಹೆಸರಿನದೇ ವಿಭಾಗ ಇದೆ. ಭದ್ರಾ ಹುಲಿ ಮೀಸಲು ಪಕ್ಕದಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಅದು.

ಬೆಂಗಳೂರಿನ ಎನ್‌ಸಿಬಿಎಸ್‌ ಎಂಬ ರಾಷ್ಟ್ರೀಯ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂಎಸ್ಸಿ ಇದೆ. ಸೀಟು ಬೆರಳೆಣಿಕೆ, ಪರೀಕ್ಷೆ ಬರೆದು ಸಂದರ್ಶನವನ್ನೂ ದಾಟಬೇಕು. ಇಂಜಿನಿಯರಿಂಗ್ ಓದಿ ಅಲ್ಲಿಗೆ ಹೋದವರೂ ಇದ್ದಾರೆ. ಡೆಹ್ರಾಡೂನಿನ ಚಂದ್ರಬನಿಯಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಇದೆ, 1982ರಲ್ಲಿ ಶುರುವಾದದ್ದು. ದೇಶದ ಹುಲಿ ಗಣತಿಯ ಲೆಕ್ಕಾಚಾರ ನಡೆಯುವುದೇ ಅಲ್ಲಿ. ಇವೆರಡು ಕಡೆಯೂ ಪ್ರತಿ ವರ್ಷ ಪ್ರವೇಶ ಇರುತ್ತದೆ ಎಂದುಕೊಂಡು ಕೂರಬೇಡಿ. ವರ್ಷ ಬಿಟ್ಟು ವರ್ಷ ತೆಗೆದುಕೊಳ್ಳುವ ರೂಢಿ ಬಹುಕಾಲದಿಂದ ಇದೆ. ಡಿಗ್ರಿ ಮುಗಿಯುವ ವರ್ಷಕ್ಕೂ ಅವರ ಪ್ರವೇಶದ ವರ್ಷಕ್ಕೂ ತಾಳೆಯಾಗದಿದ್ದರೆ ನಡುವಿನ ವರ್ಷ ಏನು ಮಾಡುತ್ತೀರಿ ಎಂದು ಮೊದಲೇ ಯೋಚಿಸಿಡಿ. ನನ್ನನ್ನು ಕೇಳಿದರೆ ಆ ವರ್ಷ ಹಾಳಲ್ಲ. ಯಾವುದಾದರೂ ಪ್ರಾಜೆಕ್ಟಿನಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ ಕಾಡಲ್ಲಿ ಕಳೆದು ಬಂದವರು ಸಂದರ್ಶನದಲ್ಲಿ ತೊದಲುವುದಿಲ್ಲ.

ಊಟಿಯ ಸರ್ಕಾರಿ ಕಲಾ ಕಾಲೇಜು, ಮಯಿಲಾಡುತುರೈ ಹತ್ತಿರದ ಎವಿಸಿ ಕಾಲೇಜು ಎರಡರಲ್ಲೂ ವನ್ಯಜೀವಿ ಜೀವಶಾಸ್ತ್ರದ ಎಂಎಸ್ಸಿ ಇದೆ. ಉತ್ತರದಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನಕ್ಕೇ ವಿಭಾಗ ಇದೆ. ವಯನಾಡಿನ ಪೂಕೋಡಿನಲ್ಲಿ, ಕೇರಳದ ಪಶುವೈದ್ಯ ವಿಶ್ವವಿದ್ಯಾಲಯದವರು ನಡೆಸುವ ವನ್ಯಜೀವಿ ಅಧ್ಯಯನ ಕೇಂದ್ರ ಇದೆ, ನಮಗೆ ಮೈಸೂರಿನಿಂದ ಅರ್ಧ ದಿನದ ದಾರಿ.

ಹೆಸರು ದೊಡ್ಡದಾದಷ್ಟೂ ಒಳ್ಳೆಯದೇ ಎಂದು ಹೇಳಲಾರೆ. ದೊಡ್ಡ ಹೆಸರಿನ ಜಾಗದಿಂದ ಬಂದ ಒಬ್ಬ ಹುಡುಗ, ದಾರಿಯ ಎರಡೂ ಬದಿಗೆ ಕ್ಯಾಮೆರಾ ಯಾಕೆ, ಒಂದು ಸಾಕಲ್ಲ, ಬ್ಯಾಟರಿ ದಂಡ ಎಂದು ವಾದ ಮಾಡಿದ. ಹುಲಿಯ ಎಡಗಡೆ ಪಟ್ಟೆಯೇ ಬೇರೆ, ಬಲಗಡೆಯದ್ದೇ ಬೇರೆ. ಒಂದೇ ಬದಿ ಫೋಟೊ ಬಂದರೆ ಒಂದು ಹುಲಿಯನ್ನು ಎರಡು ಎಂದು ಎಣಿಸಿಬಿಡುತ್ತೀರಿ. ಅದನ್ನು ಅವನಿಗೆ ಹೇಳಿದ್ದು ನಮ್ಮ ಜೊತೆಯಿದ್ದ ಜೇನುಕುರುಬರ ಅಣ್ಣ. ಅದೇ ಋತುವಿನಲ್ಲಿ ಸಣ್ಣ ಊರಿನ ಕಾಲೇಜಿನಿಂದ ಬಂದ ಹುಡುಗಿ, ಅದೇ ಅಣ್ಣ ಆನೆಯ ಮುಂಗಾಲಿನ ಹೆಜ್ಜೆಗೆ ಹಗ್ಗ ಸುತ್ತಿ, ಅದರ ಎರಡರಷ್ಟು ಆನೆಯ ಎತ್ತರ ಎಂದಾಗ, ಹಗ್ಗ ಇಸಿದುಕೊಂಡು ತಾನೂ ಅಳೆದು ಬರೆದುಕೊಂಡಳು. ಟ್ರ್ಯಾಕರ್ ಹತ್ತಿರ ಕೇಳಿ ಕಲಿಯಬಹುದು ಎಂದು ಅವಳ ಕಾಲೇಜಿನಲ್ಲಿ ಯಾರೋ ಹೇಳಿಕೊಟ್ಟಿದ್ದರು.

ಕಾಲೇಜಿಗೆ ಹೋಗಿ ನೋಡುವಾಗ

ದೊಡ್ಡ ಪುಸ್ತಕದಂಥ ಬ್ರೋಷರ್ ಕೊಟ್ಟ ಒಂದು ಖಾಸಗಿ ಕಾಲೇಜಿಗೆ ಹೋಗಿದ್ದೆವು. ಮುಖಪುಟದಲ್ಲಿ ಹುಲಿ ಹಾರುತ್ತಿತ್ತು, ನಮ್ಮ ದೇಶದ ಹುಲಿಯ ಹಾಗೆ ಕಾಣಲಿಲ್ಲ, ಹಿಂದೆ ಹಿಮ ಬೇರೆ. ಕೋರ್ಸಿನ ಹೆಸರಿನಲ್ಲಿ ವೈಲ್ಡ್‌ಲೈಫೂ ಇತ್ತು, ಮ್ಯಾನೇಜ್‌ಮೆಂಟೂ ಇತ್ತು. "ಕ್ಯಾಮೆರಾ ಟ್ರ್ಯಾಪ್ ಎಷ್ಟಿದೆ ಸರ್?" ಎಂದೆ. "ಬೇಕಾದಷ್ಟು" ಎಂದರು. "ಒಂದು ತೋರಿಸಿ" ಎಂದೆ. ಬೀರುವಿನ ಬೀಗದ ಕೈ ಹುಡುಕುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಇದ್ದದ್ದು ಎರಡು, ಒಂದರಲ್ಲಿ ಬ್ಯಾಟರಿ ಒಸರಿ ತುಕ್ಕು ಹಿಡಿದಿತ್ತು. ಫೀಲ್ಡ್ ಟ್ರಿಪ್ ಎಲ್ಲಿಗೆ ಎಂದರೆ ಮೃಗಾಲಯ ಮತ್ತು ಸಫಾರಿ. ದುಡ್ಡು ಕೊಟ್ಟರೆ ನಾನೂ ಸಫಾರಿಗೆ ಹೋಗುತ್ತೇನೆ, ಅದಕ್ಕೆ ಡಿಗ್ರಿ ಯಾಕೆ?

ಆವತ್ತಿನಿಂದ ನಮ್ಮ ಪದ್ಧತಿ ಅದೇ ಆಯಿತು, ಬೀರು ತೆಗೆಸುವುದು. ಒಳಗಿರುವ ಸಾಮಾನು ಹೊಸದಾಗಿ ಹೊಳೆಯುತ್ತಿದ್ದರೂ ಅನುಮಾನ. ಬೈನಾಕ್ಯುಲರಿನ ಪಟ್ಟಿ ಬೆವರಿಗೆ ಕಪ್ಪಾಗಿರಬೇಕು, ಕಂಪಾಸಿಗೆ ಗೀರು ಬಿದ್ದಿರಬೇಕು, ಅಳತೆ ಟೇಪಿನಲ್ಲಿ ಮಣ್ಣಿರಬೇಕು.

ಬೀರುವಾದ ಮೇಲೆ ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ವರದಿಗಳನ್ನು ಲೈಬ್ರರಿಯಲ್ಲಿ ಕೇಳಿ. ಐದು ವರ್ಷದ್ದು ತೆಗೆದು ಶೀರ್ಷಿಕೆ ಮಾತ್ರ ಓದಿದರೂ ಸಾಕು. ಎಲ್ಲವೂ 'ಕಾಲೇಜು ಆವರಣದ ಹಕ್ಕಿಗಳು' ಆಗಿದ್ದರೆ ಅಲ್ಲಿಯವರಿಗೆ ಅರಣ್ಯ ಇಲಾಖೆಯ ಅನುಮತಿ ತರಿಸಿ ಗೊತ್ತಿಲ್ಲ ಎಂದು ಅರ್ಥ. ನಮ್ಮಲ್ಲಿ ಅಭಯಾರಣ್ಯದ ಒಳಗೆ ಸಂಶೋಧನೆ ಮಾಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಕಡತ ಬೆಂಗಳೂರಿನ ಅರಣ್ಯ ಭವನಕ್ಕೆ ಹೋಗಿ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ. ಇದನ್ನು ತಿಳಿದ ಮೇಷ್ಟ್ರು ಮೂರನೇ ಸೆಮಿಸ್ಟರು ಶುರುವಾಗುವ ಮುಂಚೆಯೇ ಅರ್ಜಿ ಹಾಕಿಸಿರುತ್ತಾರೆ. ತಿಳಿಯದವರ ಶಿಷ್ಯರು ನಮ್ಮ ಹತ್ತಿರ ಬಂದು ಗೇಟಿನಲ್ಲೇ ನಿಂತು ವಾಪಸು ಹೋಗಿದ್ದಾರೆ.

ಮೇಷ್ಟ್ರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಹೋದ ವರ್ಷ ಎಷ್ಟು ರಾತ್ರಿ ವಿದ್ಯಾರ್ಥಿಗಳ ಜೊತೆ ಕಾಡಿನ ಕ್ಯಾಂಪಿನಲ್ಲಿ ಮಲಗಿದ್ದಿರಿ? ಸಂಕೋಚವಾದರೆ ಸ್ವಲ್ಪ ಮೆತ್ತಗೆ ಕೇಳಿ, ಆದರೆ ಕೇಳಿ. ನಿಜವಾಗಿ ಹೋದವರು ಲೆಕ್ಕ ಹೇಳುವುದಿಲ್ಲ, ಕತೆ ಶುರು ಮಾಡುತ್ತಾರೆ. ಒಂದು ಕಡೆ ಹಿರಿಯ ಮೇಷ್ಟ್ರೊಬ್ಬರು ಮಳೆಗಾಲದ ಕ್ಯಾಂಪಿನಲ್ಲಿ ಉಂಬಳ (ಜಿಗಣೆ) ಕಚ್ಚಿದ್ದು ಹೇಳುತ್ತಾ ಪ್ಯಾಂಟು ಮೇಲೆತ್ತಿ ಕಲೆ ತೋರಿಸಿದರು. ನಮ್ಮ ಹುಡುಗಿ ಆ ಕಾಲೇಜಿಗೆ ಅಲ್ಲೇ ಒಂದು ಮಾರ್ಕು ಹಾಕಿಕೊಂಡಳು.

ಹೆಣ್ಣುಮಕ್ಕಳಿದ್ದರೆ ಇನ್ನೊಂದನ್ನೂ ಕೇಳಲೇಬೇಕು. ಒಂದು ಕಾಲೇಜಿನಲ್ಲಿ, "ಹುಡುಗೀರನ್ನ ನಾವು ರಾತ್ರಿ ಕ್ಯಾಂಪಿಗೆ ಕಳಿಸಲ್ಲಮ್ಮ, ನಿಮಗೆ ಲ್ಯಾಬಿನಲ್ಲೇ ಪ್ರಾಜೆಕ್ಟು ಕೊಡ್ತೀವಿ, ಸೇಫು" ಎಂದರು. ಅಕ್ಕನಿಗೆ ಆ ಮಾತು ಬಹಳ ಹಿಡಿಸಿತು. ಮಗಳು ಬಸ್ ಸ್ಟಾಂಡಿನವರೆಗೂ ಮಾತಾಡಲಿಲ್ಲ. ಕ್ಯಾಂಪಿನಲ್ಲಿ ಹುಡುಗಿಯರಿಗೆ ಬೇರೆ ಮಲಗುವ ಜಾಗ, ಶೌಚಾಲಯ, ಜೊತೆಗೆ ಮಹಿಳಾ ಸಿಬ್ಬಂದಿ ಇದ್ದಾರಾ ಎಂದು ಕೇಳಿ. ಹೀಗೆಲ್ಲ ಏರ್ಪಾಟು ಮಾಡಿ ಕಳಿಸುವ ಕಾಲೇಜನ್ನು ಹುಡುಕಿ, ಕಳಿಸುವುದೇ ಇಲ್ಲ ಎನ್ನುವುದನ್ನು ಬಿಡಿ.

ಕಂಪ್ಯೂಟರ್ ಲ್ಯಾಬನ್ನು ಮರೆಯಬೇಡಿ. ಕಾಡಿನಲ್ಲಿ ಒಂದು ತಿಂಗಳು ನಡೆದರೆ ಆ ಲೆಕ್ಕ ಬಿಡಿಸಲು ಎರಡು ತಿಂಗಳು ಕುರ್ಚಿಯಲ್ಲಿ ಕೂರಬೇಕು. ನಕ್ಷೆ ಮಾಡುವುದಕ್ಕೆ ಕ್ಯೂಜಿಐಎಸ್, ಲೆಕ್ಕ ಬಿಡಿಸುವುದಕ್ಕೆ ಆರ್ ಎಂಬ ಎರಡು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ. ಪುಕ್ಕಟೆ ಸಿಗುವುದನ್ನೂ ಕಲಿಸದ ಕಾಲೇಜು ಬೇರೇನು ಕಲಿಸೀತು? ಸಂಖ್ಯಾಶಾಸ್ತ್ರ ಎಂದರೆ ಓಡುವ ಮಕ್ಕಳಿಗೆ ನಾನು ಹೇಳುವುದಿಷ್ಟೆ, ಹುಲಿ ಓಡಿಸುವುದಿಲ್ಲ, ಲೆಕ್ಕವೇ ಓಡಿಸುವುದು.

ಮಾನ್ಯತೆಯ ವಿಷಯ ಬೇಗ ಮುಗಿಸುತ್ತೇನೆ. ವಿಶ್ವವಿದ್ಯಾಲಯ ಯುಜಿಸಿಯ ಪಟ್ಟಿಯಲ್ಲಿದೆಯೇ ನೋಡಿ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಅವರೇ ಹಾಕುತ್ತಾರೆ. ಕೃಷಿ, ಅರಣ್ಯ ಕೋರ್ಸಾದರೆ ಐಸಿಎಆರ್ ಮಾನ್ಯತೆ ಕೇಳಿ. ಅಂಚೆಯಲ್ಲಿ ಪುಸ್ತಕ ಬಂದು ಮನೆಯಲ್ಲೇ ಮುಗಿಯುವ ವನ್ಯಜೀವಿ ಡಿಗ್ರಿಗೆ ದುಡ್ಡು ಹಾಕಬೇಡಿ.

ಸೀಟು ಸಿಗದಿದ್ದರೆ

ಮೊದಲ ಸುತ್ತಿನಲ್ಲಿ ನಮ್ಮ ಹುಡುಗಿಗೂ ಸಿಗಲಿಲ್ಲ. ಅಕ್ಕ ಅತ್ತಳು, ನಾನು ಮೈಸೂರಿನ ಯುವರಾಜ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದ ಬಿಎಸ್ಸಿಗೆ ಅರ್ಜಿ ತಂದಿಟ್ಟೆ. ಸಮಾಧಾನಕ್ಕೆ ತಂದದ್ದಲ್ಲ ಅದು. ಮೈಸೂರಿನಲ್ಲಿ ಓದುವವರಿಗೆ ಕುಕ್ಕರಹಳ್ಳಿ ಕೆರೆ ಇದೆ. ಬೆಳಗ್ಗೆ ಒಂದು ಗಂಟೆ ಹಕ್ಕಿ ಎಣಿಸಿ ದಿನವೂ ಹಕ್ಕಿ ಲೆಕ್ಕ ಬರೆದಿಡುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಮೂರು ವರ್ಷದಲ್ಲಿ ಕೈಯಲ್ಲಿ ಒಂದು ಗಟ್ಟಿ ದಾಖಲೆ ಇರುತ್ತದೆ. ಮೃಗಾಲಯದ ಯೂತ್ ಕ್ಲಬ್ ಇದೆ. ರಜೆಯಲ್ಲಿ ಹುಣಸೂರಿಗೆ ಬಂದರೆ ನಾನಿದ್ದೇನೆ. ಎಂಎಸ್ಸಿಯ ಸಂದರ್ಶನದಲ್ಲಿ ಕೂತವರು ಯಾವ ಕಾಲೇಜು ಎಂದು ಒಂದು ಸಲ ಕೇಳುತ್ತಾರೆ, ಏನು ನೋಡಿದೆ ಎಂದು ಹತ್ತು ಸಲ ಕೇಳುತ್ತಾರೆ ಎಂದು ಒಳಗೆ ಹೋಗಿ ಬಂದ ಮಕ್ಕಳೇ ನನಗೆ ಹೇಳಿದ್ದು.

ಎರಡನೇ ಸುತ್ತಿಗೆ ಆಪ್ಷನ್ ಹಾಕುವ ದಿನ ಹುಣಸೂರಿನಲ್ಲಿ ಕರೆಂಟಿಲ್ಲ, ಮೂವರೂ ಬಸ್ ಸ್ಟಾಂಡ್ ಪಕ್ಕದ ಸೈಬರ್‌ನಲ್ಲಿ ಯುಪಿಎಸ್ ಕೂಗುವ ಶಬ್ದದ ನಡುವೆ ಕೂತಿದ್ದೆವು. ಪೊನ್ನಂಪೇಟೆ ಮೊದಲು ಹಾಕು, ತಿತಿಮತಿ ದಾಟಿದರೆ ಬಂದೇ ಬಿಡ್ತು, ಶನಿವಾರ ಶನಿವಾರ ಮನೆಗೆ ಬರಬಹುದು ಎಂದಳು ಅಕ್ಕ. ಶನಿವಾರ ಕ್ಯಾಂಪ್ ಇರುತ್ತಮ್ಮ ಎಂದಳು ಮಗಳು. ಆದರೂ ಪೊನ್ನಂಪೇಟೆಯನ್ನೇ ಮೊದಲು ಹಾಕಿದಳು. ಯಾಕೆ ಎಂದು ನಾನು ಕೇಳಿದ್ದಕ್ಕೆ, ಕಾಫಿ ತೋಟದ ಆನೆ ಗಲಾಟೆ ಅಲ್ಲೇ ಪಕ್ಕದಲ್ಲಿ ಇದೆಯಲ್ಲ ಮಾಮ, ನನಗೆ ಅದೇ ಕಲಿಯಬೇಕು ಎಂದಳು. ಎರಡನೆಯದು ಸಿರ್ಸಿ. ಮೂರನೆಯ ಸಾಲಿಗೆ ಬಂದಾಗ ಸೈಬರ್ ಹುಡುಗ, "ಬೇಗ ಅಕ್ಕಾ, ಬ್ಯಾಟರಿ ಹೋಗುತ್ತೆ" ಎಂದ.